ರೀಕಾಲ್ ಕೆಲಸ ಚೆನ್ನಾಗಿ ಮಾಡಿದರು, ದೂರು ಮಾತ್ರ ಕೇಳಿಸಿಕೊಳ್ಳಲಿಲ್ಲ

ನನ್ನ ಬೈಕಿಗೆ ಕಂಪನಿ ಕಡೆಯಿಂದ ರೀಕಾಲ್ ಬಂದಿತ್ತು, ಅಂದ್ರೆ ತಯಾರಿಕೆಯ ದೋಷ ಸರಿ ಮಾಡಿಕೊಡಲು ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಸಿಕೊಂಡಿತ್ತು. ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಅದರ ಕೆಲಸ ಮುಗಿಸಿಕೊಂಡು ಬಂದಿದ್ದೇನೆ. ಒಳಗೆ ಮೆಕ್ಯಾನಿಕ್ ಮಾಡಿದ ಕೆಲಸ ಅಚ್ಚುಕಟ್ಟು. ಹೊರಗೆ ಕೌಂಟರ್‌ನಲ್ಲಿ ನಡೆದದ್ದು ಬೇಸರದ್ದು. ಎರಡನ್ನೂ ಬರೆಯುತ್ತೇನೆ, ಯಾಕಂದ್ರೆ ಇದು ಆಯಿಲ್ ಬದಲಿಸುವಂಥ ಮಾಮೂಲಿ ಕೆಲಸ ಅಲ್ಲ.

ತೊಂದರೆ ಏನಿತ್ತು ಅಂದ್ರೆ, ನಿಧಾನಕ್ಕೆ ಹೋಗುತ್ತಾ ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ಇಂಜಿನ್ ಆಫ್ ಆಗುತ್ತಿತ್ತು. ಅದರ ಜೊತೆಗೇ ಮೀಟರ್ ದೀಪಗಳೂ ಆರುತ್ತಿದ್ದವು. ಹ್ಯಾಂಡಲ್ ನೇರ ಮಾಡಿದರೆ ಎಲ್ಲ ವಾಪಸ್. ಯೂ ಟರ್ನ್ ಮಧ್ಯದಲ್ಲಿ, ಬೈಕ್ ವಾಲಿರುವಾಗ, ಎದುರಿಂದ ಗಾಡಿ ಬರುವಾಗ ಹೀಗಾದರೆ ಏನು ಗತಿ? ಕಾಲು ಊರಿ ಹೇಗೋ ನಿಲ್ಲಿಸುತ್ತಿದ್ದೆ.

ಕೌಂಟರ್‌ನಲ್ಲಿ ಇಷ್ಟನ್ನೂ ಬಿಡಿಸಿ ಹೇಳಿದೆ. ಬಂದ ಉತ್ತರ: “ಮೇಡಂ, ನೀವು ಆಕ್ಸಿಲರೇಟರ್ ಕಮ್ಮಿ ಕೊಡ್ತಿದ್ದೀರ ಅನ್ಸುತ್ತೆ.” ಆಕ್ಸಿಲರೇಟರ್ ಸಾಲದೆ ಇಂಜಿನ್ ನಿಂತರೆ ಮೀಟರ್ ದೀಪ ಯಾಕೆ ಆರಬೇಕು? ಕೀ ಆನ್ ಇರುವವರೆಗೂ ಅದು ಉರಿಯುತ್ತಲೇ ಇರಬೇಕು. ದೀಪವೂ ಆರಿತು ಅಂದ್ರೆ ಕರೆಂಟೇ ಕಡಿದುಹೋಗುತ್ತಿದೆ ಅಂತಲೇ ಅರ್ಥ. ಇದನ್ನೂ ಹೇಳಿದೆ. ಆದರೆ ಜಾಬ್ ಕಾರ್ಡಿನಲ್ಲಿ (ದೂರು, ಮಾಡಿದ ಕೆಲಸ ಬರೆಯುವ ಚೀಟಿ) ಬರೆದದ್ದು “ಸ್ಟಾರ್ಟಿಂಗ್ ಪ್ರಾಬ್ಲಂ” ಅಂತ. ಪ್ಲಗ್ ಒರೆಸಿ, ಐಡ್ಲಿಂಗ್ (ಆಕ್ಸಿಲರೇಟರ್ ಕೊಡದಿದ್ದಾಗಿನ ಇಂಜಿನ್ ವೇಗ) ಸ್ವಲ್ಪ ಏರಿಸಿ ಕಳಿಸಿದರು. ತೊಂದರೆ ಹಾಗೇ ಇತ್ತು. ಹೆಂಗಸರು ಗಾಡಿ ತಂದರೆ ತಪ್ಪು ಓಡಿಸುವವರದ್ದೇ ಅಂತ ಮೊದಲೇ ತೀರ್ಮಾನ ಮಾಡಿಬಿಡುವುದು ನನಗೆ ತುಂಬಾ ಸಿಟ್ಟು ತರಿಸುತ್ತದೆ.

ರೀಕಾಲ್ ಇದೆ ಅಂತ ಅವರು ಹೇಳಲೇ ಇಲ್ಲ. ನಾನೇ ಹುಡುಕಿಕೊಂಡೆ. ನನ್ನದು ಸೆಕೆಂಡ್ ಹ್ಯಾಂಡ್ ಬೈಕ್. ಕಂಪನಿಯ ಪತ್ರ ಹೋಗಿದ್ದು ಮೊದಲ ಮಾಲೀಕರ ವಿಳಾಸಕ್ಕೆ. ಸೆಕೆಂಡ್ ಹ್ಯಾಂಡ್ ತಗೊಂಡವರು ಪತ್ರಕ್ಕೆ ಕಾಯಬೇಡಿ. ಕಂಪನಿ ವೆಬ್‌ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿದರೆ ತಕ್ಷಣ ಗೊತ್ತಾಗುತ್ತದೆ. ಗಾಡಿಯ ಕಾಗದದಲ್ಲಿ ಅದು ಇರುತ್ತದೆ. ಬೈಕಿನಲ್ಲಿ ಸಾಮಾನ್ಯವಾಗಿ ಹ್ಯಾಂಡಲ್ ಕೆಳಗೆ, ಫ್ರೇಮಿನ ಮೇಲೆ ಕೊರೆದಿರುತ್ತಾರೆ. ಒಟ್ಟು 17 ಅಕ್ಷರ ಮತ್ತು ಅಂಕಿ. ಐ, ಓ, ಕ್ಯೂ ಈ ಮೂರು ಅಕ್ಷರಗಳನ್ನು ಬಳಸುವುದೇ ಇಲ್ಲ. ಧೂಳು ಹಿಡಿದ ನಂಬರಿನಲ್ಲಿ ಓ ಥರ ಕಂಡರೆ ಅದು ಸೊನ್ನೆ ಅಂತಲೇ ತಿಳಿಯಿರಿ.

ಪರದೆ ಮೇಲೆ ಬಂದದ್ದನ್ನು ಪ್ರಿಂಟ್ ತೆಗೆದು ಒಯ್ದೆ. ಆಗ ಕೌಂಟರಿನ ದನಿಯೇ ಬದಲಾಯಿತು. ಆದರೂ “ಜೊತೆಗೆ ಜನರಲ್ ಸರ್ವಿಸೂ ಮಾಡಿಸಿಬಿಡಿ” ಅಂತ ಒತ್ತಾಯ ಬೇರೆ. ಬೇಡ, ರೀಕಾಲ್ ಕೆಲಸ ಮಾತ್ರ ಸಾಕು ಅಂದೆ. ಕಂಪನಿಯ ತಪ್ಪನ್ನು ಕಂಪನಿಯೇ ಸರಿ ಮಾಡುವುದಕ್ಕೆ ಇನ್ನೊಂದು ಬಿಲ್ ಯಾಕೆ ಅಂಟಿಸಬೇಕು?

ಇನ್ನು ಮೆಕ್ಯಾನಿಕ್. ಅವನನ್ನು ಮನಸಾರೆ ಹೊಗಳಬೇಕು. ಟ್ಯಾಂಕ್ ಬಿಚ್ಚಿದವನೇ “ಅಕ್ಕಾ, ಬನ್ನಿ ಇಲ್ಲಿ, ನೋಡಿ” ಅಂತ ಕರೆದ. ಹ್ಯಾಂಡಲ್ ಹಿಂದೆ, ಫ್ರೇಮಿಗೆ ಒತ್ತಿಕೊಂಡು ಹೆಬ್ಬೆರಳಿನಷ್ಟು ದಪ್ಪದ ವೈರಿಂಗ್ ಕಟ್ಟು. ಅದನ್ನು ಫ್ಯಾಕ್ಟರಿಯಲ್ಲೇ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದರು. ಹ್ಯಾಂಡಲ್ ಬಲಕ್ಕೆ ತಿರುಗಿದಾಗೆಲ್ಲ ಕಟ್ಟು ಎಳೆದುಕೊಂಡು ಫ್ರೇಮಿನ ಅಂಚಿಗೆ ಉಜ್ಜುತ್ತಿತ್ತು. ಮೇಲಿನ ಟೇಪು ಸವೆದು, ಕೆಂಪು ವೈರಿನ ಸಿಪ್ಪೆ ಹೋಗಿ, ತಾಮ್ರ ಮಿಣುಕುತ್ತಿತ್ತು. ಅವನು ಹ್ಯಾಂಡಲ್ ನಿಧಾನವಾಗಿ ತಿರುಗಿಸಿ ತೋರಿಸಿದ. ಕಟ್ಟು ಎಳೆದುಕೊಂಡಿತು, ಮೀಟರ್ ಆರಿತು. ಹಳೇ ಕಟ್ಟು ತೆಗೆದು ಹೊಸದು ಹಾಕಿದ, ದಾರಿ ಬದಲಿಸಿ ಸಡಿಲ ಬಿಟ್ಟ, ಅಂಚಿಗೆ ರಬ್ಬರ್ ಕೂರಿಸಿದ. ಕೊನೆಗೆ ಇಂಜಿನ್ ಆನ್ ಇಟ್ಟು, ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ನನ್ನ ಎದುರೇ ಪರೀಕ್ಷೆ ಮಾಡಿದ. ಒಂದು ಪೈಸೆ ಕೇಳಲಿಲ್ಲ.

ದೂರನ್ನು ಸರಿಯಾಗಿ ಬರೆದುಕೊಳ್ಳುವುದು ಯಾಕೆ ಮುಖ್ಯ ಅನ್ನೋದಕ್ಕೆ ಹಾರ್ಲೆ ಡೇವಿಡ್‌ಸನ್ ಪ್ರಕರಣ ನೋಡಿ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದ ಕೆಲವು ಬೈಕುಗಳಲ್ಲಿ ಬ್ರೇಕ್ ಇದ್ದಕ್ಕಿದ್ದಂತೆ ಹಿಡಿಯುತ್ತಿಲ್ಲ ಅಂತ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎಗೆ ಮಾಲೀಕರು ದೂರು ಕೊಟ್ಟಿದ್ದರು. ಎಷ್ಟು ದೂರು? 43. ಅಷ್ಟರ ಮೇಲೆ 2016ರಲ್ಲಿ ತನಿಖೆ ಶುರುವಾಯಿತು. ಹಳೇ ಬ್ರೇಕ್ ಆಯಿಲ್ ಬದಲಿಸದೆ ಬಿಟ್ಟರೆ ಎಬಿಎಸ್ ಒಳಗಿನ ವಾಲ್ವ್‌ಗಳಲ್ಲಿ ಕೆಸರು ಕೂತು ಅವು ಅಂಟಿಕೊಳ್ಳುತ್ತವೆ ಅಂತ ಗೊತ್ತಾಯಿತು. 2018ರಲ್ಲಿ ಅಮೆರಿಕ ಒಂದರಲ್ಲೇ ಸುಮಾರು 1,75,000 ಬೈಕುಗಳಿಗೆ ರೀಕಾಲ್ ಬಂತು. ಆ 43 ಜನಕ್ಕೂ “ನೀವು ಬ್ರೇಕ್ ಒತ್ತೋದು ಸರಿಯಿಲ್ಲ” ಅಂತ ಹೇಳಿ, “ಬ್ರೇಕ್ ಪ್ರಾಬ್ಲಂ” ಅಂತ ಗೀಚಿ ಕಳಿಸಿದ್ದರೆ ಏನಾಗುತ್ತಿತ್ತು? ಹಾಗಾಗಿ ದೂರು ಬರೆಸುವಾಗ ಎಷ್ಟು ಸ್ಪೀಡು, ಯಾವ ಗೇರು, ಹ್ಯಾಂಡಲ್ ಯಾವ ಕಡೆ, ಯಾವ ದೀಪ ಹತ್ತಿತು ಅಥವಾ ಆರಿತು, ಎಲ್ಲ ಬರೆಸಿ. ಅವರು ಬರೆಯದಿದ್ದರೆ ಜಾಬ್ ಕಾರ್ಡ್ ಇಸ್ಕೊಂಡು ನೀವೇ ಬರೆಯಿರಿ. ಸಂಕೋಚ ಬೇಡ.

ಇನ್ನೊಂದು ವಿಷಯ. ರೀಕಾಲ್ ಅಂದ್ರೆ ಪ್ರತಿ ಬೈಕಿಗೂ ಹೊಸ ಪಾರ್ಟ್ ಅಂತ ಅಲ್ಲ. 2021ರಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿ ಹೊತ್ತಿಸುವ ಕರೆಂಟ್ ಕೊಡುವ ಪಾರ್ಟ್) ದೋಷಕ್ಕೆ 2,36,966 ಬೈಕುಗಳನ್ನು ಕರೆಸಿಕೊಂಡಿತು. ಪಾರ್ಟ್ ಬದಲಿಸಬೇಕಾಗುವುದು ಅದರಲ್ಲಿ ಶೇ. 10ಕ್ಕಿಂತ ಕಡಿಮೆ ಅಂತ ಅಂದಾಜಿತ್ತು. ಆದ್ದರಿಂದ ನಿಮ್ಮ ಗಾಡಿಯಲ್ಲಿ ಬರೀ ಚೆಕ್ ಮಾಡಿದರಾ, ಬದಲಿಸಿದರಾ ಅಂತ ಕೇಳಿ ಬರೆಸಿಕೊಳ್ಳಿ. ರಿಪೇರಿ ಆದಮೇಲೂ ಕಣ್ಣಿಟ್ಟಿರಿ. ಹೋಂಡಾ ಗೋಲ್ಡ್ ವಿಂಗ್ ಬೈಕಿನ ಹಿಂದಿನ ಚಕ್ರದ ಬ್ರೇಕ್, ಬಿಟ್ಟ ಮೇಲೂ ಹಿಡಿದುಕೊಂಡೇ ಇರುವ ತೊಂದರೆಗೆ 2011ರಲ್ಲಿ ರೀಕಾಲ್ ಆಗಿತ್ತು. ಸರಿ ಮಾಡಿದ ಬೈಕುಗಳಲ್ಲೂ ಅದು ಮತ್ತೆ ಕಾಣಿಸಿಕೊಂಡು 2014ರಲ್ಲಿ ಮತ್ತೆ ಕರೆಸಬೇಕಾಯಿತು.

ನನ್ನ ಬೈಕ್ ಈಗ ಎಷ್ಟೇ ತಿರುಗಿಸಿದರೂ ನಿಲ್ಲುತ್ತಿಲ್ಲ. ಜಾಬ್ ಕಾರ್ಡಿನಲ್ಲಿ ರೀಕಾಲ್ ನಂಬರು ಮತ್ತು ಹೊಸ ವೈರಿಂಗ್ ಹಾಕಿದ್ದನ್ನು ಪಟ್ಟು ಹಿಡಿದು ಬರೆಸಿದ್ದೇನೆ. ಆ ಸೆಂಟರ್‌ಗೆ ಮತ್ತೆ ಹೋಗುತ್ತೇನಾ? ಆ ಹುಡುಗನ ಕೈಗೆ ಗಾಡಿ ಕೊಡುತ್ತಾರೆ ಅಂದ್ರೆ ಖಂಡಿತ ಹೋಗುತ್ತೇನೆ. ಅಲ್ಲಿನ ಮ್ಯಾನೇಜರ್‌ಗೆ ಒಂದೇ ಮಾತು ಹೇಳಿ ಬಂದಿದ್ದೇನೆ: ಗಾಡಿ ಒಳಗೆ ಬಂದ ಕೂಡಲೇ ಚಾಸಿಸ್ ನಂಬರ್ ಹಾಕಿ ರೀಕಾಲ್ ಬಾಕಿ ಇದೆಯಾ ಅಂತ ನೋಡಿ, ಆಮೇಲೆ ಆಕ್ಸಿಲರೇಟರ್ ಬಗ್ಗೆ ಮಾತಾಡಿ.