ಕುಮಟಾ–ಗೋಕರ್ಣ ಬೀಚ್ ಟ್ರೆಕ್‌ಗೆ ದುಡ್ಡು ಕಟ್ಟುವ ಮೊದಲು ಉಬ್ಬರದ ಹೊತ್ತು ಕೇಳಿ

ಕುಮಟಾದಿಂದ ಗೋಕರ್ಣಕ್ಕೆ ಕಡಲ ಅಂಚಲ್ಲೇ ನಡೆದು ಹೋಗುವ ಟ್ರೆಕ್ ಈಗ ಎಲ್ಲರ ಬಾಯಲ್ಲಿದೆ. ಚಳಿಗಾಲ ಬಂತೆಂದರೆ ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಸ್ಸು ಬಸ್ಸು ಜನ ಹೊರಡುತ್ತಾರೆ. ನೀವೂ ಹೋಗುವ ಯೋಚನೆಯಲ್ಲಿದ್ದರೆ ದುಡ್ಡು ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಆ ದಿನ ಉಬ್ಬರ ಎಷ್ಟು ಹೊತ್ತಿಗೆ? ಗಂಟೆ ಹೇಳಿದರೆ ಸರಿ. "ಅದೆಲ್ಲ ನಮ್ಮ ಲೀಡರ್ ನೋಡ್ಕೋತಾರೆ" ಅಂದರೆ ದಯವಿಟ್ಟು ಆ ತಂಡದ ಜೊತೆ ಹೋಗಬೇಡಿ. ನಾನು ಮತ್ತು ನನ್ನ ಚಿಕ್ಕಮ್ಮನ ಮಗಳು ಹೋದ ತಂಡದಲ್ಲಿ ಯಾರೂ ನೋಡಿರಲಿಲ್ಲ. ಒಬ್ಬ ಹುಡುಗಿಯ ಕಾಲು ಸೀಳಿತು, ನಾವೆಲ್ಲ ಕತ್ತಲಲ್ಲಿ ಬಂಡೆ ಹತ್ತಿ ಇಳಿದೆವು. ಅದಕ್ಕಿಂತ ಕೆಟ್ಟದ್ದು ಆಗಲಿಲ್ಲ ಅನ್ನುವುದು ನಮ್ಮ ಪುಣ್ಯ ಅಷ್ಟೇ.

ದಾರಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕುಮಟಾ ಪಕ್ಕದ ವನ್ನಳ್ಳಿಯಿಂದ ಶುರು. ಆಮೇಲೆ ಕಡ್ಲೆ, ಬಾಡ, ಕಾಗಾಲ, ಅಘನಾಶಿನಿ. ಅಲ್ಲಿ ಹೊಳೆ ಅಡ್ಡ ಬರುತ್ತದೆ, ದೋಣಿಯಲ್ಲಿ ದಾಟಿ ತದಡಿ. ಅಲ್ಲಿಂದ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣ. ಎಲ್ಲ ಸೇರಿ 25 ಕಿಲೋಮೀಟರ್ ಆಸುಪಾಸು. ಫೋಟೋದಲ್ಲಿ ಕಾಣುವುದು ಬರೀ ಮರಳು. ಆದರೆ ಒಂದು ಬೀಚಿಗೂ ಇನ್ನೊಂದಕ್ಕೂ ಮಧ್ಯೆ ಗುಡ್ಡದ ಮೂಗು ಸಮುದ್ರದೊಳಗೆ ಚಾಚಿಕೊಂಡಿರುತ್ತದೆ. ಅದರ ಬುಡದಲ್ಲಿ ಪಾಚಿ ಕಟ್ಟಿದ ಬಂಡೆಗಳು, ಬಂಡೆಯ ಮೇಲೆ ಬ್ಲೇಡಿನಂಥ ಸಿಂಪಿ. ನೀರು ಇಳಿದಾಗ ಆ ಬಂಡೆಗಳ ಮೇಲೆ ಹುಷಾರಾಗಿ ಹೆಜ್ಜೆ ಇಟ್ಟು ದಾಟಬಹುದು. ನೀರು ಏರಿದಾಗ ಕೆಲವು ಕಡೆ ದಾರಿಯೇ ಇರುವುದಿಲ್ಲ.

ನಾವು ಹೋದದ್ದು ಡಿಸೆಂಬರಿನಲ್ಲಿ, ಅಮಾವಾಸ್ಯೆಯ ಮರುದಿನ. ಈ ವಿವರ ಸುಮ್ನೆ ಹೇಳುತ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರು, ಇಳಿತವೂ ಜೋರು. ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ಬೆಳಗಿನ ಜಾವ ನೀರು ಕೆಳಗಿದ್ದರೆ, ಮಧ್ಯಾಹ್ನದ ಹತ್ತಿರಕ್ಕೆ ಪೂರ್ತಿ ಏರಿರುತ್ತದೆ. ಅಂದರೆ ನಸುಕಿನಲ್ಲೇ ಹೊರಟಿದ್ದರೆ ಕುಮಟಾ ಕಡೆಯ ಬಂಡೆಗಳನ್ನೆಲ್ಲ ಆರಾಮಾಗಿ ದಾಟಬಹುದಿತ್ತು. ಹೇಳಿದ್ದೂ ಹಾಗೇ, ಆರೂವರೆಗೆ ನಡಿಗೆ ಶುರು ಅಂತ. ಆದರೆ ಬಸ್ಸು ಬಂದದ್ದೇ ತಡ, ಮುಖ ತೊಳೆಯಲು ನಲವತ್ತು ಜನಕ್ಕೆ ಎರಡು ಬಾತ್‌ರೂಮ್, ತಿಂಡಿ, ಪರಿಚಯದ ಆಟ, ಬ್ಯಾನರ್ ಹಿಡಿದು ಗ್ರೂಪ್ ಫೋಟೋ. ಹೊರಡುವಾಗ ಒಂಬತ್ತೂವರೆ ದಾಟಿತ್ತು. ತಡ ಆಗುವುದು ಯಾರಿಗೂ ಆಗುತ್ತದೆ, ಅದಕ್ಕೆ ನನಗೆ ಸಿಟ್ಟಿಲ್ಲ. ಮೂರು ಗಂಟೆ ತಡವಾದ ಮೇಲೂ ಅದೇ ದಾರಿಯಲ್ಲಿ ನಡೆಸಿದರಲ್ಲ, ಸಿಟ್ಟಿರುವುದು ಅದಕ್ಕೆ.

ಕಡ್ಲೆವರೆಗೆ ಏನೂ ತೊಂದರೆ ಆಗಲಿಲ್ಲ. ಅದನ್ನು ದಾಟಿ ಬಾಡದ ಕಡೆಗಿನ ಬಂಡೆ ಸಾಲು ಸಿಕ್ಕಾಗ ಅಲೆ ಆಗಲೇ ಕಲ್ಲಿನ ನೆತ್ತಿಗೆ ಬಡಿಯುತ್ತಿತ್ತು. ಅಲ್ಲೇ ಸಿಂಪಿ ಕೆತ್ತಲು ಬಂದಿದ್ದ ಒಬ್ಬ ಅಮ್ಮ ಬುಟ್ಟಿ ಹಿಡಿದು ವಾಪಸ್ ಹೊರಟಿದ್ದರು. ನಮ್ಮನ್ನು ನೋಡಿ, "ತಂಗೀ, ನೀರು ಏರ್ತಾ ಅದೆ, ಈಗ ಆ ಬದಿಗೆ ಹೋಗೂಕೆ ಆಗುದಿಲ್ಲ, ಮೇಲಿನ ರಸ್ತೆ ಹಿಡೀರಿ" ಅಂದರು. ದಿನಾ ಆ ಬಂಡೆಯ ಮೇಲೆ ಕೆಲಸ ಮಾಡುವವರೇ ಎದ್ದು ಹೊರಟಿದ್ದಾರೆ, ಇನ್ನೇನು ಹೇಳಬೇಕು? ನಾವು ಕೆಲವರು ಲೀಡರ್‌ಗೆ ಹೇಳಿದೆವು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ. ಫೋನಿನಲ್ಲಿ ಯಾರನ್ನೋ ಕೇಳಿದ. "ತುಂಬಾ ಸಲ ಮಾಡಿದೀವಿ, ಐದು ನಿಮಿಷದ ದಾರಿ ಅಷ್ಟೇ" ಅಂತ ಮುಂದೆ ನಡೆದ. ಅವನ ಹಿಂದೆ ಸಾಲು ಹೊರಟಿತು.

ಅರ್ಧ ದಾಟುವಷ್ಟರಲ್ಲಿ ನೀರು ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ ಬಂತು. ಅಲೆ ಬರುವಾಗ ಬಂಡೆಗೆ ಒತ್ತುತ್ತದೆ, ಹೋಗುವಾಗ ಕಾಲಡಿಯ ಮರಳು, ಕಲ್ಲು ಎಲ್ಲವನ್ನೂ ಎಳೆಯುತ್ತದೆ. ನನ್ನ ಮುಂದಿದ್ದ ಹುಡುಗಿ ಒಂದು ದೊಡ್ಡ ಅಲೆಗೆ ಬಿದ್ದಳು. ಪಕ್ಕದಲ್ಲಿದ್ದವರು ಬ್ಯಾಗಿನ ಪಟ್ಟಿ ಹಿಡಿದು ಎಳೆದರು, ಇಲ್ಲದಿದ್ದರೆ ಒಳಗೆ ಹೋಗುತ್ತಿದ್ದಳು. ಪಾದದ ಅಡಿ ಸಿಂಪಿಗೆ ಸಿಕ್ಕಿ ಉದ್ದಕ್ಕೆ ಹರಿದಿತ್ತು, ರಕ್ತ ನಿಲ್ಲಲೇ ಇಲ್ಲ. ಲೀಡರ್ ಹತ್ತಿರ ಇದ್ದ ಪ್ರಥಮ ಚಿಕಿತ್ಸೆ ಡಬ್ಬದಲ್ಲಿ ಬ್ಯಾಂಡ್‌ಏಡ್ ಮತ್ತು ನೋವಿನ ಸ್ಪ್ರೇ. ನಲವತ್ತು ಜನರನ್ನು ಸಮುದ್ರಕ್ಕೆ ಕರೆತಂದವರ ಬಳಿ ಒಂದು ಹಗ್ಗ ಇರಲಿಲ್ಲ, ಒಂದು ಲೈಫ್ ಜಾಕೆಟ್ ಇರಲಿಲ್ಲ, ಸರಿಯಾದ ಹತ್ತಿಬಟ್ಟೆಯೂ ಇರಲಿಲ್ಲ. ಯಾರದೋ ದುಪಟ್ಟಾ ಹರಿದು ಕಟ್ಟಿದೆವು.

ಮುಂದೆ ಹೋಗುವಂತಿಲ್ಲ, ಹಿಂದೆಯೂ ನೀರು. ಉಳಿದದ್ದು ಗುಡ್ಡ. ಕರಾವಳಿಯ ಈ ಚಿರೆಕಲ್ಲು ಗುಡ್ಡ ಹತ್ತಿದವರಿಗೆ ಗೊತ್ತಿರುತ್ತದೆ, ಕೈ ಇಟ್ಟಲ್ಲಿ ಕಲ್ಲು ಪುಡಿಯಾಗಿ ಕಿತ್ತು ಬರುತ್ತದೆ, ಮೇಲೆ ಮುಳ್ಳು, ನೆರಳಿಲ್ಲ, ಮಧ್ಯಾಹ್ನದ ಬಿಸಿಲಿಗೆ ಕಲ್ಲು ಕಾದಿರುತ್ತದೆ. ಗಾಯವಾದವಳನ್ನು ಹೊತ್ತೂ ಎಳೆದೂ ಮೇಲೆ ತರಲು ಒಂದೂವರೆ ಗಂಟೆ ಬೇಕಾಯಿತು. ಕುಡಿಯುವ ನೀರು ಅಲ್ಲೇ ಮುಗಿಯಿತು. ಮೇಲೆ ಸಿಕ್ಕ ಮೊದಲ ಮನೆಯವರು ಎಲ್ಲರಿಗೂ ನೀರು, ಬೆಲ್ಲ ಕೊಟ್ಟು, ತಾವೇ ಫೋನ್ ಮಾಡಿ ರಿಕ್ಷಾ ಕರೆಸಿದರು. ಆ ಹುಡುಗಿ, ಅವಳ ಗೆಳತಿ ಇಬ್ಬರೇ ಕುಮಟಾ ಆಸ್ಪತ್ರೆಗೆ ಹೋದರು. ತಂಡದವರು ಒಬ್ಬರನ್ನೂ ಜೊತೆಗೆ ಕಳಿಸಲಿಲ್ಲ. ಹೊಲಿಗೆ ಹಾಕಿಸಿದ ಖರ್ಚೂ ಅವರದ್ದೇ.

ಇಷ್ಟಾದ ಮೇಲೆ ಬಸ್ಸು ಕರೆಸಿ ಎಲ್ಲರನ್ನೂ ಗೋಕರ್ಣಕ್ಕೆ ಸೇರಿಸಬೇಕಿತ್ತು, ಅಲ್ವಾ? ಮಾಡಲಿಲ್ಲ. ಬಸ್ಸು ಆಗಲೇ ಗೋಕರ್ಣಕ್ಕೆ ಹೋಗಿ ನಿಂತಿದೆಯಂತೆ. ಕಾಗಾಲ, ಅಘನಾಶಿನಿ ದಾಟಿ ದೋಣಿ ಹಿಡಿದು ತದಡಿಗೆ ಬಂದಾಗ ಸಂಜೆ ಹತ್ತಿರವಾಗಿತ್ತು. ತದಡಿ ದೊಡ್ಡ ಮೀನುಗಾರಿಕೆ ಬಂದರು, ಗೋಕರ್ಣಕ್ಕೆ ಒಳ್ಳೆ ರಸ್ತೆ ಇದೆ. ಏಳೆಂಟು ಜನ ಅಲ್ಲೇ ಹಟ ಹಿಡಿದು ರಿಕ್ಷಾ ಮಾಡಿಕೊಂಡು ಹೋದರು. ನನ್ನ ತಂಗಿಗೆ ಆಗಲೇ ಕಾಲು ಸೆಳೆತ, ನಾವೂ ಹೋಗುತ್ತೇವೆ ಅಂದರೆ, "ಪ್ಯಾರಡೈಸ್‌ನಿಂದ ಬೋಟ್ ರೆಡಿ ಇದೆ" ಅಂತ ನಂಬಿಸಿ ಕರೆದುಕೊಂಡು ಹೋದರು. ಪ್ಯಾರಡೈಸ್ ಮುಟ್ಟಿದಾಗ ಸೂರ್ಯ ಮುಳುಗುತ್ತಿದ್ದ. ಬೋಟ್ ಇರಲಿಲ್ಲ. ಯಾರೂ ಬೋಟಿಗೆ ಹೇಳಿಯೇ ಇರಲಿಲ್ಲ.

ಪ್ಯಾರಡೈಸ್‌ನಿಂದ ಹಾಫ್ ಮೂನ್‌ಗೆ ಹೋಗುವ ಕಾಲುದಾರಿ ಹಗಲಲ್ಲೇ ನೋಡಿಕೊಂಡು ಹೋಗಬೇಕಾದದ್ದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ನೇರ ಕೆಳಗೆ ಬಂಡೆ, ಸಮುದ್ರ. ಅಮಾವಾಸ್ಯೆಯ ಹಿಂದೆಮುಂದೆ ಚಂದ್ರನ ಬೆಳಕೂ ಇರುವುದಿಲ್ಲ. ಮೂವತ್ತಕ್ಕೂ ಹೆಚ್ಚು ಜನ, ಫೋನಿನ ಟಾರ್ಚು, ಅರ್ಧ ಫೋನುಗಳಲ್ಲಿ ಚಾರ್ಜೇ ಇಲ್ಲ. ಕರೆ ಮಾಡೋಣ ಅಂದರೆ ಸಿಗ್ನಲ್ ಇಲ್ಲ. ತಂಗಿ ಒಂದು ಕಡೆ ಕೂತುಬಿಟ್ಟಳು, ನನ್ನಿಂದ ಆಗಲ್ಲ ಅಕ್ಕ ಅಂತ ಅತ್ತಳು. ನಮ್ಮನ್ನು ಕೊನೆಗೆ ಓಂ ಬೀಚಿಗೆ ಮುಟ್ಟಿಸಿದ್ದು ಲೀಡರ್ ಅಲ್ಲ, ಹಾಫ್ ಮೂನ್ ಹತ್ತಿರದ ಗುಡಿಸಲು ಹೋಟೆಲಿನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರು. ಮುಂದೊಬ್ಬ ಹಿಂದೊಬ್ಬ ನಿಂತು, ಒಬ್ಬೊಬ್ಬರ ಕೈ ಹಿಡಿದು ದಾಟಿಸಿದರು.

ವಾಪಸ್ ಬಂದ ಮೇಲೆ ದುಡ್ಡು ಕೇಳಿದರೆ, "ರಿಸ್ಕ್ ನಿಮ್ಮದೇ ಅಂತ ಫಾರ್ಮಿನಲ್ಲಿ ಸಹಿ ಹಾಕಿದ್ದೀರಿ" ಅಂತ ಉತ್ತರ ಬಂತು. ಗಾಯವಾದ ಹುಡುಗಿಗೆ ಒಂದು ಫೋನ್ ಕೂಡ ಮಾಡಿಲ್ಲ. ಬಸ್ಸಿನಲ್ಲೇ, ಅರ್ಧ ನಿದ್ದೆಯಲ್ಲಿ ಆ ಫಾರ್ಮ್ ಕೈಗೆ ಕೊಡುತ್ತಾರೆ. ನೀವು ಮೊದಲೇ ತರಿಸಿಕೊಂಡು ಓದಿ.

ಉಬ್ಬರದ ಹೊತ್ತು ತಿಳಿಯುವುದು ಕಷ್ಟವೇನಲ್ಲ. ಕಾರವಾರದ ಉಬ್ಬರ ಇಳಿತದ ಪಟ್ಟಿ ಫೋನಿನಲ್ಲೇ ಸಿಗುತ್ತದೆ. ಕುಮಟಾ, ಗೋಕರ್ಣಕ್ಕೂ ಹೆಚ್ಚುಕಮ್ಮಿ ಅದೇ ಹೊತ್ತು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹೋದ ವಾರ ಗೆಳೆಯರು ಹತ್ತು ಗಂಟೆಗೆ ಆರಾಮಾಗಿ ದಾಟಿದ ಜಾಗ ಈ ವಾರ ಅದೇ ಹೊತ್ತಿಗೆ ಮುಳುಗಿರಬಹುದು. ಅಲೆ ಎಷ್ಟು ಜೋರಿದೆ ಅನ್ನುವುದಕ್ಕೆ ಹೈದರಾಬಾದಿನ ಇನ್‌ಕಾಯ್ಸ್ (INCOIS, ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ) ಎಚ್ಚರಿಕೆ ಕೊಡುತ್ತದೆ, ಹೊರಡುವ ಹಿಂದಿನ ರಾತ್ರಿ ಅದನ್ನೂ ನೋಡಿ. ಮಳೆಗಾಲದಲ್ಲಂತೂ ಈ ದಾರಿ ಬೇಡವೇ ಬೇಡ. ಜೂನ್, ಜುಲೈನಲ್ಲಿ ಯಾಂತ್ರೀಕೃತ ಬೋಟುಗಳು ಮೀನಿಗೆ ಹೋಗುವುದಕ್ಕೇ ನಿಷೇಧ ಇರುತ್ತದೆ. ಆ ತಿಂಗಳಲ್ಲೂ ಬೀಚ್ ಟ್ರೆಕ್ ಅಂತ ಜಾಹೀರಾತು ಕಂಡರೆ ನಂಬಬೇಡಿ.

ನಡೆಯಲೇಬೇಕು ಅನ್ನುವವರು ಇದನ್ನು ಎರಡು ದಿನ ಮಾಡಿ. ಮೊದಲ ದಿನ ಬೆಳಕು ಹರಿಯುವಾಗ ಹೊರಟು ಅಘನಾಶಿನಿಯಲ್ಲಿ ನಿಲ್ಲಿಸಿ. ಎರಡನೇ ದಿನ ದೋಣಿ ದಾಟಿ, ಹಾಫ್ ಮೂನ್ ಬಿಸಿಲಿದ್ದಾಗಲೇ ಮುಗಿಸಿ. ಚಪ್ಪಲಿ ಬೇಡ, ಅಡಿ ಗಟ್ಟಿ ಇರುವ ಶೂ ಬೇಕು, ಒಬ್ಬೊಬ್ಬರಿಗೆ ಮೂರು ಲೀಟರ್ ನೀರು ಬೇಕು, ಫೋನ್ ಬಿಟ್ಟು ಬೇರೆ ಟಾರ್ಚ್ ಬೇಕು. ತುರ್ತಿಗೆ 112. ಆದರೆ ಹಾಫ್ ಮೂನ್ ಹತ್ತಿರ ನಮಗೆ ಸಿಗ್ನಲ್ ಸಿಗಲಿಲ್ಲ, ಆದ್ದರಿಂದ ಎಷ್ಟು ಹೊತ್ತಿಗೆ ಓಂ ಬೀಚ್ ತಲುಪುತ್ತೀರಿ ಅಂತ ಊರಲ್ಲಿ ಯಾರಿಗಾದರೂ ಹೇಳಿ ಹೋಗಿ.