ಕಡಲೆಕಾಯಿ, ಸೂರ್ಯಕಾಂತಿ, ಕೊಬ್ಬರಿ: ಒಲೆ ಪಕ್ಕ ಯಾವ ಎಣ್ಣೆ ಇಡೋಣ?

ಕ್ಯಾಲೊರಿ ಲೆಕ್ಕದಲ್ಲಿ ಮೂರೂ ಒಂದೇ, ಗ್ರಾಮಿಗೆ ಸುಮಾರು 9. ವ್ಯತ್ಯಾಸ ಇರುವುದು ಕೊಬ್ಬಿನ ಬಗೆಯಲ್ಲಿ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ, ಅಲ್ವಾ? ಅದರಲ್ಲಿ ಶೇ. 80ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು. ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದು ಇದೇ. ಕಡಲೆಕಾಯಿ ಎಣ್ಣೆಯಲ್ಲಿ ಅದು ಹೆಚ್ಚೂಕಡಿಮೆ ಐದರಲ್ಲೊಂದು ಪಾಲು, ಸೂರ್ಯಕಾಂತಿಯಲ್ಲಿ ಇನ್ನೂ ಕಡಿಮೆ. ಕೊಲೆಸ್ಟ್ರಾಲ್ ತೊಂದರೆ ಇರುವವರ ಮನೆಗೆ ಇವೆರಡೇ ವಾಸಿ.

ಪೂರಿ, ಬೋಂಡ ಕರಿಯಲು ನಾನಂತೂ ಕಡಲೆಕಾಯಿ ಎಣ್ಣೆ ಇಡುತ್ತೇನೆ. ಮಾಮೂಲಿ ಸೂರ್ಯಕಾಂತಿ ಎಣ್ಣೆ ಕಾವಿಗೆ ಬೇಗ ಕೆಡುತ್ತದೆ. (ಕರಿದು ಉಳಿದದ್ದನ್ನು ಮತ್ತೆ ಮತ್ತೆ ಕಾಯಿಸಬೇಡಿ, ಯಾವ ಎಣ್ಣೆಯಾದರೂ.) ಕಡಲೆಕಾಯಿ ಅಲರ್ಜಿ ಇದ್ದರೆ, ಪಲ್ಯದ ಒಗ್ಗರಣೆಗೆ ಸೂರ್ಯಕಾಂತಿ ಸಾಕು. ಗಾಣದ ಎಣ್ಣೆಗೆ ದುಡ್ಡು ಜಾಸ್ತಿ, ಘಮವೂ ಜಾಸ್ತಿ. ಮಜ್ಜಿಗೆಹುಳಿ ಮೇಲೆ ಅರ್ಧ ಚಮಚ ಕೊಬ್ಬರಿ ಎಣ್ಣೆ? ಧಾರಾಳವಾಗಿ ಹಾಕಿ.