ಅಮೆರಿಕಾದ ಡಿಪಿಟಿಗೆ (ಫಿಸಿಯೋಥೆರಪಿ ಡಾಕ್ಟರೇಟ್) ಅಂತ ಕನ್ಸಲ್ಟೆನ್ಸಿಗೆ ಹೋಗೋ ಬಿಪಿಟಿಯವರೇ (ಫಿಸಿಯೋಥೆರಪಿ ಪದವಿ ಓದಿದವರೇ), ಇದನ್ನ ಓದ್ಕೊಂಡು ಹೋಗಿ

ಮೊದಲೇ ಹೇಳಿಬಿಡ್ತೀನಿ, ಆಮೇಲೆ ಉಳಿದ ಕಥೆ. ಡಿಪಿಟಿ ಕಾಲೇಜುಗಳಿಗೆ ಆನ್‌ಲೈನಲ್ಲಿ ಅರ್ಜಿ ಹಾಕೋ ಪಿಟಿಕ್ಯಾಸ್‌ನ ನಿಮ್ಮ ಲಾಗಿನ್ ಯಾರ ಕೈಗೂ ಕೊಡಬೇಡಿ. ಯಾರ ಕೈಗೂ. "ಅಕೌಂಟ್ ನಾವೇ ಓಪನ್ ಮಾಡ್ತೀವಿ, ನೀವು ಆರಾಮಾಗಿ ಓದ್ಕೊಳಿ ಮೇಡಂ" ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಮೈಸೂರಿನ ಸರಸ್ವತಿಪುರಂ ಕಡೆ ಇರೋ ಒಂದು ಆಫೀಸು. ಹೆಸರು ಇಲ್ಲಿ ಬರೆಯಲ್ಲ. ಪ್ಯಾಕೇಜ್ 85 ಸಾವಿರ. ಅಪ್ಪ ಮಂಡ್ಯದಿಂದ ಬಂದು ಕಬ್ಬಿನ ದುಡ್ಡನ್ನ ಎಣಿಸಿ ಕೊಟ್ರು. ರಸೀದಿ ಕೇಳಿದ್ದಕ್ಕೆ "ವಾಟ್ಸಾಪ್ ಮಾಡ್ತೀವಿ ಯಜಮಾನ್ರೇ" ಅಂದ್ರು. ವಾಟ್ಸಾಪಲ್ಲಿ ಬಂದಿದ್ದು ಹೆಬ್ಬೆರಳು ಎತ್ತಿದ ಒಂದು ಇಮೋಜಿ, ಅಷ್ಟೇ.

ಅಮೆರಿಕಾ ಕಾಲೇಜುಗಳ ಪ್ರವೇಶ ಪರೀಕ್ಷೆ ಜಿಆರ್‌ಇಗೆ ಕೋಚಿಂಗ್ ಅಂತ ಒಂದು ಜೆರಾಕ್ಸ್ ಕಂತೆ ಕೊಟ್ಟು ಎರಡೆರಡು ಪ್ರಬಂಧ ಬರೆಸ್ತಿದ್ರು. 2023ರ ಸೆಪ್ಟೆಂಬರ್‌ನಲ್ಲೇ ಆ ಪರೀಕ್ಷೆ ಎರಡು ಗಂಟೆಗೂ ಕಮ್ಮಿ ಆಗಿದೆ, ಪ್ರಬಂಧ ಒಂದೇ ಇರೋದು. ಇವರ ಕಂತೆ ಅದಕ್ಕಿಂತ ಹಳೇದು! ಎಷ್ಟೋ ಡಿಪಿಟಿ ಕಾಲೇಜುಗಳು ಜಿಆರ್‌ಇ ಕೇಳೋದೇ ಇಲ್ಲ ಅನ್ನೋದನ್ನಂತೂ ಬಾಯಿ ಬಿಡಲಿಲ್ಲ. ಇರಲಿ, ಅದು ಚಿಕ್ಕದು.

ಅರ್ಜಿ ಎಲ್ಲಿಗೆ ಬಂತು ಅಂತ ಕೇಳಿದಾಗೆಲ್ಲ "ಪ್ರಾಸೆಸ್‌ನಲ್ಲಿದೆ". ಲಾಗಿನ್ ಕೇಳಿದ್ರೆ "ಸೆಕ್ಯುರಿಟಿ ಇಶ್ಯೂ". ಕೊನೆಗೆ ಅಪ್ಪನೇ ಬಂದು ಕೂತ್ರು. "ಅದೇನ್ ಗುಟ್ಟಪ್ಪ, ನನ್ ಮಗಳ ಅರ್ಜೀನ ನನ್ ಮಗಳ್ಗೇ ತೋರ್ಸಕ್ಕಿಲ್ವಾ?" ಓನರ್ ಊಟಕ್ಕೆ ಹೋಗಿದ್ರು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ಪಾಪ, ಬೇಜಾರಾಗಿ ಸ್ಕ್ರೀನ್ ನಮ್ಮ ಕಡೆ ತಿರುಗಿಸಿದಳು.

ಅಬ್ಸರ್ವೇಷನ್ ಅವರ್ಸ್ (ಫಿಸಿಯೋಥೆರಪಿಸ್ಟ್ ಕೆಲಸ ಮಾಡೋದನ್ನ ಜೊತೆಗಿದ್ದು ನೋಡಿದ ಗಂಟೆಗಳು) ಅನ್ನೋ ಕಡೆ ಬೆಂಗಳೂರಿನ ಒಂದು ಆಸ್ಪತ್ರೆ, ಆರ್ಥೋ ಓಪಿಡಿ, 200 ಗಂಟೆ. ಆ ಆಸ್ಪತ್ರೆಯ ಗೇಟನ್ನೂ ನಾನು ನೋಡಿಲ್ಲ. ಹಗಲೂ ರಾತ್ರಿ ಸ್ಟ್ರೋಕ್ ಪೇಷೆಂಟ್‌ಗಳನ್ನ ನಡೆಸಿ ನಡೆಸಿ ಮುಗಿಸಿದ ಆರು ತಿಂಗಳ ಇಂಟರ್ನ್‌ಶಿಪ್ ಎಲ್ಲೂ ಇಲ್ಲ. ಅದರ ಕೆಳಗೆ ರೆಫರೆನ್ಸ್, ಅಂದ್ರೆ ಮೇಷ್ಟ್ರು ಕೊಡೋ ಶಿಫಾರಸು. ನಮ್ಮ ಎಚ್‌ಒಡಿ ಸರ್ ಹೆಸರು, ಪಕ್ಕದಲ್ಲಿ ಯಾವುದೋ ಜಿಮೇಲ್ ಐಡಿ, ಮುಂದೆ "ಕಂಪ್ಲೀಟೆಡ್". ಅಲ್ಲೇ ನಿಂತು ಸರ್‌ಗೆ ಫೋನ್ ಮಾಡಿದೆ. "ನಂಗೆ ಯಾವ ಮೇಲೂ ಬಂದಿಲ್ಲಮ್ಮ, ಯಾಕೆ, ಕಳಿಸಿದ್ಯಾ?" ಅಂದ್ರು. ಏನಂತ ಹೇಳಲಿ? ಮುಖಕ್ಕೆ ಬೆಂಕಿ ಬಿದ್ದ ಹಾಗಾಯ್ತು. ಅಪ್ಪ ನನ್ನನ್ನೇ ನೋಡ್ತಿದ್ರು.

ಓನರ್ ಬಂದು ಹೇಳಿದ್ದು, ಅವರ ಮಾತಲ್ಲೇ: "ಎಲ್ಲಾರ್ದೂ ಹಿಂಗೇ ಮಾಡೋದು ಮೇಡಂ. ಅಲ್ಲಿಂದ ಯಾರು ಬಂದು ಚೆಕ್ ಮಾಡ್ತಾರೆ? ನಿಮ್ ಸರ್ ಬಿಝಿ ಇರ್ತಾರೆ ಅಂತ ನಾವೇ ಹೆಲ್ಪ್ ಮಾಡಿದ್ದು." ಹೆಲ್ಪ್ ಅಂತೆ! ಅರ್ಜಿ ಆಗಲೇ ಸಬ್ಮಿಟ್ ಆಗಿತ್ತು. ಇದೆಲ್ಲ ನಿಜ ಅಂತ ಒಪ್ಪಿಕೊಂಡಿರೋ ಜಾಗದಲ್ಲಿ ಇರೋದು ನನ್ನ ಹೆಸರು, ಅವರದಲ್ಲ. ನಾಳೆ ಸಿಕ್ಕಿಬಿದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಪಿಟಿಕ್ಯಾಸ್‌ಗೂ ಕಾಲೇಜುಗಳಿಗೂ ನಾನೇ ಬರೆದಿದ್ದೀನಿ, ಇನ್ನೂ ಉತ್ತರ ಇಲ್ಲ.

ಗೊತ್ತಿಲ್ಲದವರಿಗೆ: ರೆಫರೆನ್ಸ್ ಲಿಂಕ್ ಪಿಟಿಕ್ಯಾಸ್‌ನಿಂದ ನೇರ ಮೇಷ್ಟ್ರ ಮೇಲ್‌ಗೇ ಹೋಗಬೇಕು, ಅವರೇ ತುಂಬಬೇಕು. ಕಾಲೇಜಿನ ಮೇಲ್ ಐಡಿಯನ್ನ ಅವರ ಹತ್ರಾನೇ ಕೇಳಿ ನೀವೇ ಹಾಕಿ. ಅಬ್ಸರ್ವೇಷನ್ ಗಂಟೆ ಎಷ್ಟು ಬೇಕು ಅನ್ನೋದು ಕಾಲೇಜಿಂದ ಕಾಲೇಜಿಗೆ ಬೇರೆ, ಕೆಲವರು ಕೇಳೋದೇ ಇಲ್ಲ. ಕೋರ್ಸಿಗೆ ಕ್ಯಾಪ್ಟಿ (ಅಮೆರಿಕಾದಲ್ಲಿ ಫಿಸಿಯೋಥೆರಪಿ ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇದೆಯಾ ಅಂತ ಕ್ಯಾಪ್ಟಿ ಪಟ್ಟಿಯಲ್ಲೇ ನೋಡಿ. ಇಂಡಿಯಾದ ಕೆಮಿಸ್ಟ್ರಿ, ಫಿಸಿಕ್ಸ್ ಮಾರ್ಕ್ಸ್ ಒಪ್ತಾರಾ ಅಂತ ಪ್ರತಿ ಕಾಲೇಜಿಗೂ ಮೇಲ್ ಹಾಕಿ ಕೇಳಿ, ಎಷ್ಟೋ ಕಡೆ ಒಪ್ಪಲ್ಲ.

ಇನ್ನೊಂದು, ಇದಕ್ಕೇ ನಂಗೆ ಜಾಸ್ತಿ ಹೊಟ್ಟೆ ಉರಿಯೋದು. ಬಿಪಿಟಿ ಆದವರು ಡಿಪಿಟಿಯನ್ನ ಮೊದಲಿಂದ ಮೂರು ವರ್ಷ ಓದಲೇಬೇಕು ಅಂತೇನಿಲ್ಲ. ಹೊರದೇಶದ ಫಿಸಿಯೋಥೆರಪಿ ಓದನ್ನ ಅಮೆರಿಕಾದ ಓದಿಗೆ ಹೋಲಿಸಿ ನೋಡೋ ಎಫ್‌ಸಿಸಿಪಿಟಿಯಂಥ ಸಂಸ್ಥೆಗೆ ನಮ್ಮ ಓದನ್ನ ಪರಿಶೀಲನೆಗೆ ಕಳಿಸಿ, ಕಮ್ಮಿ ಬಿದ್ದ ವಿಷಯ ತುಂಬಿಕೊಂಡು, ಅಲ್ಲಿನ ಲೈಸೆನ್ಸ್ ಪರೀಕ್ಷೆ ಎನ್‌ಪಿಟಿಇ ಬರೆದು ಲೈಸೆನ್ಸ್ ತಗೊಳ್ಳೋ ದಾರಿನೂ ಇದೆ. ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಇದನ್ನ ನನಗೆ ಆ ಆಫೀಸಲ್ಲಿ ಒಬ್ಬರೂ ಹೇಳಲಿಲ್ಲ. ಹೇಳಿದ್ರೆ ಅವರಿಗೆ ಕಮಿಷನ್ ಎಲ್ಲಿಂದ ಬರಬೇಕು?

ಗ್ರಾಹಕರ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಕೊಟ್ಟಿದ್ದೀನಿ. ಮೊದಲು "ರೀಫಂಡ್ ಪಾಲಿಸಿ ಇಲ್ಲ" ಅಂತಿದ್ದ ಆಫೀಸಿನವರು, ಗೂಗಲ್‌ನಲ್ಲಿ ರಿವ್ಯೂ ಹಾಕಿದ ಮೇಲೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ "ಅರ್ಧ ಕೊಡ್ತೀವಿ, ಅದೊಂದು ತೆಗೆದುಬಿಡಿ ಮೇಡಂ" ಅಂದ್ರು. ಪೂರ್ತಿ ಕೊಡಿ, ಆ ಜಿಮೇಲ್ ಯಾರು ಮಾಡಿದ್ದು ಅಂತ ಬರೆದು ಕೊಡಿ ಅಂದೆ. ಫೋನ್ ಇಟ್ರು. ರಿವ್ಯೂ ಇನ್ನೂ ಅಲ್ಲೇ ಇದೆ.